ಎಳೆಯ ಆಟಗಾರರ ಆಯ್ಕೆಯೂ ಅದರ ಅಭಿಮಾನಿವರ್ಗವೂ: ರಾಯಚೂರು, ದೇವದುರ್ಗ, ಮಾನ್ವಿ

ಪ್ರೌಢಶಾಲೆಯ ವ್ಯಾಸಂಗವನ್ನು ಇನ್ನೂ ಪೂರೈಸದ ಆಟಗಾರನನ್ನು, ಆತನ ಹೆಸರು ನಾಲ್ಕು ಜನರ ಬಾಯಲ್ಲಿ ಬೀಳುವುದಕ್ಕೆ ಮುಂಚೆಯೇ ಗುರುತಿಸಿ, ಆತನು ಮುಂದೆ ಯಾವ ಸಂಸ್ಥೆಯನ್ನು ಸೇರುವನು, ಯಾವ ತರಬೇತುದಾರನ ಕೈಯಲ್ಲಿ ಪಳಗುವನು, ಎಷ್ಟರಮಟ್ಟಿಗೆ ಬೆಳೆಯುವನು ಎಂಬ ವಿಚಾರದಲ್ಲಿ ವರ್ಷವಿಡೀ ಆಸಕ್ತಿ ತಳೆದಿರುವ ಪ್ರೇಕ್ಷಕವರ್ಗವೊಂದು ಪ್ರಪಂಚದ ಹಲವು ಕಡೆಗಳಲ್ಲಿ ಬೆಳೆದುಬಂದಿದೆ. ಪಂದ್ಯವನ್ನು ನೋಡಿ ಸಂತೋಷಪಟ್ಟು ಮನೆಗೆ ಹೋಗುವ ಸಾಮಾನ್ಯ ಪ್ರೇಕ್ಷಕನು ಆದದ್ದನ್ನು ನೋಡಿ ಮೆಚ್ಚುವನು. ಈ ವರ್ಗದವರು ಆಗಬಹುದಾದುದನ್ನು ಊಹಿಸಿ ಪಂಥ ಕಟ್ಟುವರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಲೇಜು ಫುಟ್‌ಬಾಲಿನ ಸುತ್ತ ಈ ಆಸಕ್ತಿ ಒಂದು ಉದ್ಯಮದ ಸ್ವರೂಪವನ್ನೇ ತಾಳಿದೆ. ಕರ್ನಾಟಕದಲ್ಲಿ ಅಂಥ ಉದ್ಯಮವಿಲ್ಲವಾದರೂ ಆಸಕ್ತಿಯು ಇಲ್ಲದಿಲ್ಲ. ರಾಯಚೂರು ನಗರದಲ್ಲಿಯೂ, ಅಲ್ಲಿಂದ ಸುಮಾರು 50 ಕಿಲೋಮೀಟರ್ ಆಸುಪಾಸಿನಲ್ಲಿರುವ ದೇವದುರ್ಗ ಮತ್ತು ಮಾನ್ವಿಗಳಲ್ಲಿಯೂ ಅದು ಕಬಡ್ಡಿ, ಖೋಖೋ, ವಾಲಿಬಾಲ್, ಕ್ರಿಕೆಟ್‌ಗಳನ್ನು ಆಶ್ರಯಿಸಿಕೊಂಡು, ಬರಹದ ಲೆಕ್ಕಪತ್ರಗಳಿಲ್ಲದೆ, ಬಾಯಿಂದ ಬಾಯಿಗೆ ಹಬ್ಬುವ ಮಾತಿನಲ್ಲಿ ಬದುಕಿದೆ.

ಅಮೆರಿಕೆಯ ಪದ್ಧತಿ

ಅಂಡಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಅಮೆರಿಕೆಯ ಫುಟ್‌ಬಾಲ್ ವಿಶ್ವವಿದ್ಯಾಲಯಗಳ ಅಂಗಳದಲ್ಲಿಯೇ ಹುಟ್ಟಿ ಬೆಳೆದದ್ದು. ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾಸಂಸ್ಥೆಗಳು 1869ರ ನವೆಂಬರ್ 6ರಂದು ಆಡಿದ ಪಂದ್ಯವನ್ನು ಅದರ ಆರಂಭವೆಂದು ಗಣಿಸುವುದು ರೂಢಿ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಘವು 1906ರಲ್ಲಿ ಸ್ಥಾಪಿತವಾಯಿತು. ಆಟದ ಬಲದಿಂದಲೇ ವಿದ್ಯಾರ್ಥಿವೇತನ ಕೊಡುವುದು ವಿದ್ಯಾಪೀಠಗಳ ಘನತೆಗೆ ಕುಂದೆಂಬ ಭಾವನೆ ಬಹುಕಾಲ ಉಳಿದಿತ್ತು; ಅದನ್ನು ಕಟ್ಟಿಹಾಕಲು 1948ರಲ್ಲಿ ತಂದ ನಿಯಮಾವಳಿ ಮೂರು ವರ್ಷಗಳಾಚೆಗೆ ನಿಲ್ಲದೆ 1951ರಲ್ಲಿ ರದ್ದಾಗಿ, ಆ ದಶಕ ಕಳೆಯುವುದರೊಳಗಾಗಿ ಕ್ರೀಡಾ ವಿದ್ಯಾರ್ಥಿವೇತನವು ಬಹಿರಂಗವಾದ ಪದ್ಧತಿಯಾಯಿತು. ಒಬ್ಬನೇ ಹುಡುಗನನ್ನು ಹತ್ತು ಕಾಲೇಜುಗಳು ಕೊನೆಯ ಗಳಿಗೆಯವರೆಗೂ ಸೆಳೆದಾಡುವ ಅವ್ಯವಸ್ಥೆಯನ್ನು ತಡೆಯಲೋಸುಗ 1964ರಲ್ಲಿ ಒಪ್ಪಿಗೆಪತ್ರವೊಂದು ಜಾರಿಗೆ ಬಂದಿತು. ಇದಕ್ಕೆ ಒಮ್ಮೆ ರುಜು ಹಾಕಿದ ವಿದ್ಯಾರ್ಥಿಯನ್ನು ಉಳಿದ ಕಾಲೇಜುಗಳು ಮತ್ತೆ ಮಾತನಾಡಿಸುವಂತಿರಲಿಲ್ಲ. ಫೆಬ್ರವರಿ ತಿಂಗಳ ಮೊದಲನೆಯ ಬುಧವಾರ ಈ ರುಜುವಿನ ದಿನವಾಗಿ, ಅಭಿಮಾನಿಗಳಿಗೆ ಅದೊಂದು ಹಬ್ಬವೇ ಆಗಿಬಿಟ್ಟಿತು. ಶಾಲೆಯ ವ್ಯಾಯಾಮಮಂದಿರದಲ್ಲಿ ಮೇಜಿನ ಮೇಲೆ ನಾಲ್ಕಾರು ಕಾಲೇಜುಗಳ ಟೊಪ್ಪಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತ ಹುಡುಗ, ತಂದೆತಾಯಿಗಳ ಮತ್ತು ಕ್ಯಾಮರಾಗಳ ಸಮ್ಮುಖದಲ್ಲಿ ಒಂದನ್ನು ಎತ್ತಿ ತಲೆಗಿಟ್ಟುಕೊಳ್ಳುವ ಕ್ಷಣಕ್ಕಾಗಿ ಇಡೀ ರಾಜ್ಯವೇ ಕಾದಿರುವುದುಂಟು. 2017ರಿಂದ ಡಿಸೆಂಬರಿನಲ್ಲಿಯೂ ರುಜುವಿಗೆ ಅವಕಾಶವಾಯಿತು; ಒಪ್ಪಿಗೆಪತ್ರವನ್ನೇ 2024ರ ಅಕ್ಟೋಬರಿನಲ್ಲಿ ಕೈಬಿಡಲಾಯಿತು.

ಅಭಿಮಾನಿಗಳ ಈ ಕುತೂಹಲಕ್ಕೆ ಅನ್ನವಿಕ್ಕಿದವರಲ್ಲಿ ಮೊದಲಿಗರು ವೃತ್ತಿಪರ ಪತ್ರಿಕೋದ್ಯೋಗಿಗಳಲ್ಲವೆಂಬುದು ಗಮನಾರ್ಹ. ಷಿಕಾಗೋದಲ್ಲಿ ಅಂಚೆ ಇಲಾಖೆಯ ನೌಕರನಾಗಿದ್ದ ಟಾಮ್ ಲೆಮ್ಮಿಂಗ್ 1970ರ ದಶಕದ ಕೊನೆಯಲ್ಲಿ ಊರೂರು ತಿರುಗಿ ಶಾಲಾ ಆಟಗಾರರನ್ನು ನೋಡಿ, ತಾನು ಕಂಡದ್ದನ್ನು ವಾರ್ತಾಪತ್ರವಾಗಿ ಮುದ್ರಿಸಿ ಮಾರತೊಡಗಿದನು. ಕಾಲಕ್ರಮದಲ್ಲಿ ಇಂಥ ವಿವೇಚಕರ ಸಂಖ್ಯೆ ಬೆಳೆದು, ಪ್ರತಿಯೊಬ್ಬ ಹುಡುಗನಿಗೂ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ದಯಪಾಲಿಸುವ ಪದ್ಧತಿ ನೆಲೆಗೊಂಡಿತು. ಹದಿನೇಳು ವರ್ಷದ ಬಾಲಕನೊಬ್ಬನು ಪಂಚನಕ್ಷತ್ರನೋ ದ್ವಿನಕ್ಷತ್ರನೋ ಎಂದು ವಯಸ್ಕರಾದ ಗೃಹಸ್ಥರು ಊಟ ಬಿಟ್ಟು ವಾದಿಸುವುದನ್ನು ಕಂಡರೆ ಜಾತಕಫಲದ ಜಿಜ್ಞಾಸೆ ನಮ್ಮ ದೇಶದ ಸ್ವತ್ತು ಮಾತ್ರವಲ್ಲವೆಂದು ಸಮಾಧಾನವಾಗುತ್ತದೆ. ಈ ಗಣನೆ ಒಟ್ಟಿನ ಮೇಲೆ ನಿಜವಾಗುವುದುಂಟು, ಬಿಡಿಬಿಡಿಯಾಗಿ ಸುಳ್ಳಾಗುವುದೂ ಉಂಟು. ಎರಡೇ ನಕ್ಷತ್ರ ಪಡೆದಿದ್ದ ಜೆ. ಜೆ. ವಾಟ್, ವಿದ್ಯಾರ್ಥಿವೇತನವಿಲ್ಲದೆಯೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವನ್ನು ಸೇರಿ, ಮುಂದೆ ತನ್ನ ಕಾಲದ ಅತಿಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಒಬ್ಬನೆನಿಸಿದನು.

ಚಿಕ್ಕ ಊರೊಂದಕ್ಕೆ ಇಂಥ ಆಯ್ಕೆ ಏನು ಮಾಡಬಲ್ಲದೆಂಬುದಕ್ಕೆ ಜಾರ್ಜಿಯ ರಾಜ್ಯದ ರೈಟ್ಸ್‌ವಿಲ್ ದೃಷ್ಟಾಂತವಾಗಿದೆ. ಆ ಊರಿನ ಹರ್ಷೆಲ್ ವಾಕರ್ ಎಂಬ ಹುಡುಗನು ಯಾವ ಕಾಲೇಜಿಗೆ ಹೋಗುವನೆಂದು ದೇಶದ ನಾನಾ ಕಡೆಗಳ ತರಬೇತುದಾರರು ಅಲ್ಲಿಗೆ ಎಡತಾಕಿದರು. ಆತನು 1980ರ ಈಸ್ಟರ್ ಭಾನುವಾರ ಜಾರ್ಜಿಯ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆಯಿತ್ತನು, ಆ ವರ್ಷವೇ ಆ ವಿಶ್ವವಿದ್ಯಾಲಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಅಭಿಮಾನ ಹದ್ದು ಮೀರಿದ ನಿದರ್ಶನಗಳೂ ಇವೆ. ಟೆಕ್ಸಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಧನಿಕ ಹಿತೈಷಿಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟುದು ಬಯಲಾಗಿ, 1987ರ ಇಡೀ ಋತುವಿನಲ್ಲಿ ಅದರ ತಂಡ ಆಡದಂತೆ ಶಿಕ್ಷೆ ವಿಧಿಸಲಾಯಿತು. ಆ ಗುಟ್ಟಿನ ವ್ಯವಹಾರ ಇಂದು ಬಹುಮಟ್ಟಿಗೆ ರಾಜಮಾರ್ಗಕ್ಕೆ ಬಂದಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಗೆ ಹಣ ಪಡೆಯಬಹುದಾಗಿದೆ. 2025ರ ಜೂನಿನಲ್ಲಿ ನ್ಯಾಯಾಲಯ ಅಂಗೀಕರಿಸಿದ ರಾಜಿಯ ಪ್ರಕಾರ ಪ್ರತಿ ಕಾಲೇಜೂ ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದಾಗಿದೆ; 2025-26ರಲ್ಲಿ ಅದರ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳಾಗಿದ್ದಿತು.

ರಾಯಚೂರು ಸೀಮೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಆ ರಾಜ್ಯದ ರಾಜಧಾನಿಯಾದ ಹೈದರಾಬಾದಿನ ನಗರ ಪೊಲೀಸ್ ಫುಟ್‌ಬಾಲ್ ತಂಡ, ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿ, 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಆಟ ಬಲ್ಲ ಹುಡುಗನಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುವ ಆ ಪದ್ಧತಿಯಲ್ಲಿ, ಭಾರತದಲ್ಲಿ ಆಟಗಾರರ ಆಯ್ಕೆ ಹಿಡಿದ ಹಾದಿ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕೆಯ ಹುಡುಗನಿಗೆ ಆಟದಿಂದ ದೊರೆಯುವುದು ಕಾಲೇಜು, ಇಲ್ಲಿಯ ಹುಡುಗನಿಗೆ ದೊರೆಯಬೇಕಾದುದು ನೌಕರಿ. ಈ ಒಂದು ಭೇದದಿಂದ ಇಲ್ಲಿಯ ಅಭಿಮಾನಿಯ ಲೆಕ್ಕಾಚಾರವೇ ಬೇರೆಯಾಗಿದೆ. ಹುಡುಗನ ಓಟವನ್ನು ಮೆಚ್ಚಿದ ಹಿರಿಯನು ಮರುಮಾತಿನಲ್ಲಿಯೇ ಆತನ ಎತ್ತರ ಪೊಲೀಸ್ ಭರ್ತಿಗೆ ಸಾಕಾಗುವುದೋ ಇಲ್ಲವೋ ಎಂದು ಯೋಚಿಸುವನು.

ಶಾಲಾ ಕ್ರೀಡೆಗಳ ಸೋಪಾನಕ್ರಮ ರಾಜ್ಯದ ಉಳಿದೆಡೆ ಇರುವಂತೆಯೇ ಇಲ್ಲಿಯೂ ಇದೆ. ಮಳೆಗಾಲದ ನಡುವೆ ಹೋಬಳಿ ಅಥವಾ ವಲಯ ಮಟ್ಟದಲ್ಲಿ ಆರಂಭವಾದ ಸ್ಪರ್ಧೆ ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತಿ, ಕೊನೆಗೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಪಂದ್ಯಗಳವರೆಗೆ ತಲಪುತ್ತದೆ. ಇದಕ್ಕೆ ಸಮಾನಾಂತರವಾಗಿ ದಸರಾ ಕ್ರೀಡಾಕೂಟದ ಮೆಟ್ಟಿಲುಗಳು ಮೈಸೂರಿನವರೆಗೆ ಹೋಗುತ್ತವೆ. ದೇವದುರ್ಗದಲ್ಲಿ ಗೆದ್ದವರೂ ಮಾನ್ವಿಯಲ್ಲಿ ಗೆದ್ದವರೂ ಪರಸ್ಪರ ಎದುರಾಗುವುದು ಜಿಲ್ಲಾ ಮಟ್ಟದಲ್ಲಿ, ಸಾಮಾನ್ಯವಾಗಿ ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ. ತಾಲ್ಲೂಕಿನಲ್ಲಿ ತಮ್ಮ ಹುಡುಗನೇ ಮಹಾಶೂರನೆಂದು ಬೀಗಿದವರಿಗೆ ಸತ್ಯದರ್ಶನವಾಗುವ ಸ್ಥಳವೂ ಅದೇ. ಕ್ರಿಕೆಟಿಗೆ ಬೇರೆಯ ವ್ಯವಸ್ಥೆಯಿದೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳಲ್ಲಿ ರಾಯಚೂರು ಒಂದಾಗಿದ್ದು, ವಯೋಮಿತಿಯ ತಂಡಗಳು ಅಂತರ್ವಲಯ ಪಂದ್ಯಗಳಲ್ಲಿ ಆಡುತ್ತವೆ. ವಲಯ ತಂಡದ ಪಟ್ಟಿ ಹೊರಬಿದ್ದ ದಿನ ಯಾರಿದ್ದಾರೆ, ಯಾರು ಬಿಟ್ಟುಹೋದರು, ಏಕೆ ಬಿಟ್ಟುಹೋದರು ಎಂಬ ಚರ್ಚೆ ನಗರದ ಮೈದಾನಗಳಲ್ಲಿ ತಿಂಗಳುಗಟ್ಟಲೆ ನಡೆಯುವುದುಂಟು.

ಈ ಎಲ್ಲ ಹಂತಗಳಲ್ಲಿ ಪ್ರತಿಭೆಯನ್ನು ಮೊದಲು ಕಾಣುವ ಕಣ್ಣು ದೈಹಿಕ ಶಿಕ್ಷಣ ಶಿಕ್ಷಕನದು. ಜನರ ಬಾಯಲ್ಲಿ ಪಿ.ಟಿ. ಮಾಸ್ತರನೆನಿಸಿಕೊಳ್ಳುವ ಈತನು ಹಾಜರಿ ಪುಸ್ತಕದ ಹೆಸರುಗಳಿಗಿಂತ ಹುಡುಗರ ನಡಿಗೆಯನ್ನು ಚೆನ್ನಾಗಿ ಬಲ್ಲವನು. ಹೊಲದಿಂದ ನೇರವಾಗಿ ಶಾಲೆಗೆ ಬಂದವನ ಕಾಲಿನ ಬಲ, ಚೋಟುದ್ದವಿದ್ದರೂ ಜಾರಿ ತಪ್ಪಿಸಿಕೊಳ್ಳಬಲ್ಲವನ ಚುರುಕು, ಬಿದ್ದರೂ ಅಳದವನ ಎದೆಗಾರಿಕೆ ಇವುಗಳನ್ನು ಆತನು ಮನಸ್ಸಿನಲ್ಲಿಯೇ ದಾಖಲೆ ಮಾಡಿಕೊಂಡಿರುತ್ತಾನೆ. ಕ್ರೀಡಾ ಇಲಾಖೆಯ ಕ್ರೀಡಾಶಾಲೆಗಳಿಗೂ ಕ್ರೀಡಾ ವಸತಿನಿಲಯಗಳಿಗೂ ಆಯ್ಕೆ ನಡೆಯುವಾಗ ಅಂಥ ಹುಡುಗರನ್ನು ಕರೆದುಕೊಂಡು ಬಸ್ಸು ಹತ್ತುವವನೂ, ಅನೇಕ ವೇಳೆ ಟಿಕೆಟ್ಟಿನ ಹಣ ತೆರುವವನೂ ಆತನೇ. ಆಯ್ಕೆಯ ಪರೀಕ್ಷೆ ಸರಳವಾದುದು: ಎತ್ತರ ಮತ್ತು ತೂಕ, 30 ಮೀಟರ್ ವೇಗದ ಓಟ, 800 ಮೀಟರ್ ಓಟ, ಹತ್ತು ಮೀಟರಿನ ಅಂತರದಲ್ಲಿ ಹೋಗಿಬರುವ ಓಟ, ನಿಂತಲ್ಲಿಂದ ಮುಂದಕ್ಕೆ ನೆಗೆತ, ನಿಂತಲ್ಲಿಂದ ಮೇಲಕ್ಕೆ ನೆಗೆತ. ಕೊನೆಯದನ್ನು ನೋಡುವುದು ಒಂದು ವಿನೋದ. ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡ ಹುಡುಗ ಗೋಡೆಗೆ ಒತ್ತಿ ನಿಂತು, ಕೈ ನಿಗುಚಿ ಒಂದು ಗುರುತು ಮಾಡಿ, ಬಳಿಕ ಮೊಣಕಾಲು ಬಗ್ಗಿಸಿ ಎಗರಿ ಇನ್ನೊಂದು ಗುರುತು ಮಾಡುವನು. ಎರಡು ಬಿಳಿಯ ಗುರುತುಗಳ ನಡುವಣ ಗೇಣಷ್ಟು ಜಾಗವನ್ನು ಅಧಿಕಾರಿ ಟೇಪಿನಿಂದ ಅಳೆಯುತ್ತಿರುವಾಗ ಬೇಲಿಯ ಆಚೆ ನಿಂತ ಸೋದರಮಾವಂದಿರು ಉಸಿರು ಬಿಗಿಹಿಡಿದಿರುವರು. ಅಮೆರಿಕೆಯ ನಕ್ಷತ್ರಗಣನೆಗೆ ಸಮಾನವಾದ ಅಧಿಕೃತ ಅಂಕಿ ನಮ್ಮಲ್ಲಿ ಏನಾದರೂ ಇದ್ದರೆ ಅದು ಈ ಗೋಡೆಯ ಮೇಲಿನ ಸುಣ್ಣದ ಗುರುತು.

ಗ್ರಾಮಾಂತರದ ಪಂದ್ಯಾವಳಿಗಳು

ಅಭಿಮಾನಿವರ್ಗದ ನಿಜವಾದ ನೆಲೆ ಸರಕಾರಿ ಕ್ರೀಡಾಕೂಟವಲ್ಲ, ಊರ ಪಂದ್ಯಾವಳಿ. ಜಾತ್ರೆ, ಉರುಸು, ಗಣೇಶನ ಹಬ್ಬ, ಮಹನೀಯರ ಜಯಂತಿ ಇವುಗಳ ನಿಮಿತ್ತವಾಗಿ ಹೊನಲು ಬೆಳಕಿನಲ್ಲಿ ನಡೆಯುವ ಕಬಡ್ಡಿ ಮತ್ತು ವಾಲಿಬಾಲ್ ಪಂದ್ಯಗಳ ಕರಪತ್ರ ಹದಿನೈದು ದಿನ ಮುಂಚೆಯೇ ಹೋಟೆಲುಗಳ ಗೋಡೆಗೂ ಬಸ್ ನಿಲ್ದಾಣದ ಕಂಬಗಳಿಗೂ ಅಂಟಿರುತ್ತದೆ. ಪ್ರಥಮ ಬಹುಮಾನ ಯಾರ ಹೆಸರಿನಲ್ಲಿ, ದ್ವಿತೀಯ ಬಹುಮಾನ ಯಾರ ಹೆಸರಿನಲ್ಲಿ, ಬೆಸ್ಟ್ ರೇಡರ್ ಮತ್ತು ಬೆಸ್ಟ್ ಕ್ಯಾಚರ್‌ಗಳಿಗೆ ಕಪ್ ಕೊಡುವವರು ಯಾರು ಎಂಬ ವಿವರಗಳ ಕೆಳಗೆ ಪ್ರವೇಶ ಶುಲ್ಕವನ್ನೂ ತೂಕದ ಮಿತಿಯನ್ನೂ ಅಚ್ಚುಹಾಕಿಸಿರುತ್ತಾರೆ. 55 ಕೆ.ಜಿ., 60 ಕೆ.ಜಿ., 65 ಕೆ.ಜಿ. ಎಂದು ಮಿತಿ ಹಾಕುವುದರಿಂದಲೇ ಶಾಲಾ ಹುಡುಗರಿಗೆ ದೊಡ್ಡವರ ನಡುವೆ ಆಡುವ ಅವಕಾಶ ಒದಗುತ್ತದೆ.

ಪಂದ್ಯಕ್ಕಿಂತ ಮೊದಲು ತೂಕ ನೋಡುವ ವಿಧಿಯು ಪಂದ್ಯದಷ್ಟೇ ಜನರನ್ನು ಸೆಳೆಯುತ್ತದೆ. ಹತ್ತಿಯ ಅಂಡಿಗೆಗಳನ್ನೂ ಭತ್ತದ ಚೀಲಗಳನ್ನೂ ತೂಗುವ ಕಾಟಾವನ್ನೇ ಕೆಲವೆಡೆ ಮೈದಾನಕ್ಕೆ ಹೊತ್ತು ತಂದು ಇಟ್ಟಿರುತ್ತಾರೆ. ಅರ್ಧ ಕಿಲೋ ಹೆಚ್ಚಾಗಿ ಬಂದ ಹುಡುಗನನ್ನು ತಂಡದವರು ಹೊರಗೆ ಕರೆದೊಯ್ದು, ಬೆವರು ಬರಲೆಂದು ಮೈದಾನದ ಸುತ್ತ ಓಡಿಸಿ, ಮತ್ತೆ ತಂದು ನಿಲ್ಲಿಸುವರು. ಅಷ್ಟಕ್ಕೂ ಮುಳ್ಳು ಇಳಿಯದಿದ್ದರೆ ಬನಿಯನ್ನು ಕಳಚುವುದು, ಉಡಿದಾರದ ತಾಯಿತವನ್ನು ಬಿಚ್ಚುವುದು, ಎದುರು ತಂಡದವರು ಅದಕ್ಕೆ ತಕರಾರು ತೆಗೆಯುವುದು ಎಲ್ಲವೂ ನಡೆಯುತ್ತದೆ. ಸುತ್ತ ನಿಂತವರಿಗೆ ಹುಡುಗರ ಮೈಕಟ್ಟನ್ನು ಸಾವಕಾಶವಾಗಿ ಪರಿಶೀಲಿಸಲು ಇದೇ ಸಮಯ. “ಯಾರ ಮಗನಪಾ ಅವ? ಕಾಲು ಹೆಂಗ ಇಡ್ತಾನ ನೋಡು” ಎಂದು ಒಬ್ಬನು ಕೇಳಿದರೆ, “ಮಾನ್ವಿ ಕಡಿಯವನಂತ ಕಾಕಾ, ಇನ್ನಾ ಒಂಬತ್ನೇತ್ತ ಅಂತ. ಮುಂದಿನ ವರ್ಷ ಇಲ್ಲಿ ಇರಂಗಿಲ್ಲ ನೋಡ್ರಿ, ಯಾರರ ಒಯ್ತಾರ” ಎಂದು ಇನ್ನೊಬ್ಬನು ಭವಿಷ್ಯ ನುಡಿಯುವನು. ಆಟ ನಡೆದಿರುವಾಗ ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಗೆರೆ ಸೇರಿದವನಿಗೆ ಪ್ರೇಕ್ಷಕರೊಳಗಿಂದ ಎದ್ದುಬಂದವನೊಬ್ಬ ನೂರರ ನೋಟನ್ನು ಇನಾಮು ಕೊಟ್ಟು ಹೋಗುವುದೂ, ಮೈಕಿನಲ್ಲಿ ಆ ಇಬ್ಬರ ಹೆಸರನ್ನೂ ಕೂಗುವುದೂ ವಾಡಿಕೆ.

ಈ ಸೀಮೆಯ ಜನಕ್ಕೆ ಇಂಥ ಪರೀಕ್ಷಕ ದೃಷ್ಟಿ ಹೊಸದಲ್ಲ. ಕಾರಹುಣ್ಣಿಮೆಯ ಸಮಯದಲ್ಲಿ ರಾಯಚೂರಿನ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಟನ್ನುಗಟ್ಟಲೆ ಭಾರದ ಕಲ್ಲನ್ನು ಎತ್ತುಗಳಿಂದ ಎಳೆಸುವ ಪಂದ್ಯಕ್ಕೆ ಕರ್ನಾಟಕದಿಂದ ಮಾತ್ರವಲ್ಲದೆ ಆಂಧ್ರ, ತೆಲಂಗಾಣಗಳಿಂದಲೂ ಜೋಡಿಗಳು ಬರುತ್ತವೆ. ಕುಸ್ತಿಯೂ, ಗುಂಡು ಎತ್ತುವ, ಉಸುಕಿನ ಚೀಲ ಎತ್ತುವ ಸ್ಪರ್ಧೆಗಳೂ ಜೊತೆಗಿರುತ್ತವೆ. ಹೋರಿಯ ಹಲ್ಲು, ಹಿಣಿಲು, ಗೊರಸುಗಳನ್ನು ನೋಡಿ ಎರಡು ವರ್ಷದ ಮುಂದಿನ ಬಲವನ್ನು ಹೇಳಬಲ್ಲ ರೈತನು ಕಬಡ್ಡಿಯ ಹುಡುಗನನ್ನೂ ಹೆಚ್ಚುಕಡಮೆ ಅದೇ ಕಣ್ಣಿನಿಂದ ನೋಡುವನೆಂದರೆ ಅದರಲ್ಲಿ ಅಗೌರವವೇನೂ ಇಲ್ಲ. ಹೋರಿಯ ವಿಷಯದಲ್ಲಿ ಆತನು ತೋರುವಷ್ಟು ಶ್ರದ್ಧೆಯನ್ನು ಆಯ್ಕೆಸಮಿತಿಗಳು ಹುಡುಗರ ವಿಷಯದಲ್ಲಿ ತೋರಿದರೆ ಸಾಕಾಗಿತ್ತು.

ಅಭಿಮಾನಿಗಳಲ್ಲಿ ಹಲವು ಬಗೆಯವರಿದ್ದಾರೆ. ತಮ್ಮ ಕಾಲದಲ್ಲಿ ಜಿಲ್ಲಾ ತಂಡಕ್ಕೆ ಆಡಿ ಮೊಣಕಾಲು ಕೆಡಿಸಿಕೊಂಡು ನಿವೃತ್ತರಾದವರು, ಗಂಜ್‌ನ ದಲಾಲಿ ಅಂಗಡಿಗಳ ಗುಮಾಸ್ತರು, ಆಟೋ ಚಾಲಕರು, ನಿವೃತ್ತ ಪಿ.ಟಿ. ಮಾಸ್ತರರು, ಪರೀಕ್ಷೆಗೆ ಓದಬೇಕಾದ ಕಾಲೇಜು ವಿದ್ಯಾರ್ಥಿಗಳು ಇವರೆಲ್ಲ ಸೇರಿ ಮಿರ್ಚಿ ಮಂಡಕ್ಕಿಯ ಅಂಗಡಿಗಳ ಮುಂದೆ ನಡೆಸುವ ಚರ್ಚೆಯಲ್ಲಿ ಜಿಲ್ಲೆಯ ಯಾವ ಮೂಲೆಯಲ್ಲಿ ಯಾವ ಹುಡುಗ ತಲೆಯೆತ್ತುತ್ತಿದ್ದಾನೆಂಬ ವರದಿ ದೊರೆಯುತ್ತದೆ. ರಾಯಚೂರಿನಿಂದಲೇ ಹೊರಡುವ ಸುದ್ದಿಮೂಲ, ರಾಯಚೂರು ವಾಣಿ ಮುಂತಾದ ದಿನಪತ್ರಿಕೆಗಳೂ ರಾಜ್ಯಮಟ್ಟದ ಪತ್ರಿಕೆಗಳ ಜಿಲ್ಲಾ ಪುಟಗಳೂ ತಾಲ್ಲೂಕು ಕ್ರೀಡಾಕೂಟದ ಫಲಿತಾಂಶವನ್ನು ಅಚ್ಚುಮಾಡುವುದರಿಂದ, ಹೆಸರು ಪತ್ರಿಕೆಯಲ್ಲಿ ಬಂದ ಹುಡುಗನ ಮನೆಯಲ್ಲಿ ಆ ತುಣುಕು ಶಾಲೆಯ ಅಂಕಪಟ್ಟಿಗಿಂತ ಭದ್ರವಾಗಿ ಉಳಿಯುತ್ತದೆ. ಆದರೆ ಹುಡುಗರನ್ನು ಒಬ್ಬರೊಡನೊಬ್ಬರನ್ನು ತೂಗಿ ಕ್ರಮಾಂಕ ಕೊಡುವ ಮುದ್ರಿತ ಪಟ್ಟಿಯ ರೂಢಿ ಇಲ್ಲಿಲ್ಲ. ಇದೊಂದು ಕೊರತೆಯೆಂದು ಕೆಲವರು ಭಾವಿಸಬಹುದು. ಹದಿನೈದರ ಹುಡುಗನಿಗೆ ತಾನು ಜಿಲ್ಲೆಯಲ್ಲಿ ಎಷ್ಟನೆಯವನೆಂಬುದು ತಿಳಿಯದಿರುವುದು ಒಂದು ಭಾಗ್ಯವೆಂದು ಪ್ರಸ್ತುತ ಲೇಖಕನಿಗೆ ತೋರುತ್ತದೆ.

ಹುಡುಗರು ಹೋಗುವ ದಾರಿ

ಅಮೆರಿಕೆಯ ಕಾಲೇಜುಗಳು ಶಾಲಾ ಆಟಗಾರರನ್ನು ಸೆಳೆಯುವ ರೀತಿಗೆ ಕರ್ನಾಟಕದಲ್ಲಿ ಅತಿ ಸಮೀಪವಾದ ಸಾದೃಶ್ಯ ಕರಾವಳಿಯಲ್ಲಿದೆ. ಡಾ. ಎಂ. ಮೋಹನ ಆಳ್ವರು ಮೂಡುಬಿದಿರೆಯಲ್ಲಿ ಸ್ಥಾಪಿಸಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ರಾಜ್ಯದ ನಾನಾ ಭಾಗಗಳ ಕ್ರೀಡಾಪಟುಗಳನ್ನು ದತ್ತು ಸ್ವೀಕರಿಸಿ, ಶಿಕ್ಷಣ, ವಸತಿ, ಊಟ, ತರಬೇತಿಗಳನ್ನು ಉಚಿತವಾಗಿ ಒದಗಿಸುತ್ತ ಬಂದಿದೆ. ಉಜಿರೆಯ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜೂ ಕ್ರೀಡಾಪಟುಗಳನ್ನು ಪೋಷಿಸುವುದರಲ್ಲಿ ಹೆಸರಾದುದು. ರಾಯಚೂರಿನಿಂದ 500 ಕಿಲೋಮೀಟರಿಗೂ ಮಿಕ್ಕ ದೂರದಲ್ಲಿರುವ ಆ ಊರುಗಳ ಹೆಸರು ದೇವದುರ್ಗದ ಕಬಡ್ಡಿ ಮೈದಾನದಲ್ಲಿ ಕೇಳಿಬರುವುದು ಈ ಕಾರಣದಿಂದ. ಸರಕಾರದ ಕ್ರೀಡಾಶಾಲೆಗಳು, ಬೆಂಗಳೂರಿನ ವಿದ್ಯಾನಗರದ ತರಬೇತಿ ಕೇಂದ್ರ, 2018ರಲ್ಲಿ ಆರಂಭವಾಗಿ ಆಯ್ದ ಕ್ರೀಡಾಪಟುಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳಂತೆ ಎಂಟು ವರ್ಷಗಳ ನೆರವನ್ನು ಉದ್ದೇಶಿಸಿದ ಕೇಂದ್ರ ಸರಕಾರದ ಖೇಲೋ ಇಂಡಿಯಾ ಯೋಜನೆ ಇವು ಬೇರೆಯ ದ್ವಾರಗಳು. ಅಲ್ಲಿಂದ ಮುಂದೆ ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕುಗಳ ಕ್ರೀಡಾ ಕೋಟಾ.

ರೈಲ್ವೆಯ ಮಾತು ಬಂದಾಗ ರಾಯಚೂರಿನವರು ಯೆರೆಗೌಡರ ಹೆಸರೆತ್ತದೆ ಬಿಡುವುದಿಲ್ಲ. ಮುಂಬಯಿ ಮದರಾಸುಗಳ ರೈಲುಮಾರ್ಗಗಳು 1871ರಲ್ಲಿ ಕೂಡಿದ ಊರೆಂಬ ಖ್ಯಾತಿಯುಳ್ಳ ರಾಯಚೂರಿನಲ್ಲಿ 1971ರ ನವೆಂಬರಿನಲ್ಲಿ ಜನಿಸಿದ ಈ ಬಲಗೈ ಬ್ಯಾಟುಗಾರರು, ರೈಲ್ವೆ ತಂಡದ ಮಧ್ಯಮ ಕ್ರಮಾಂಕಕ್ಕೆ ಬಹುಕಾಲ ಆಧಾರಸ್ತಂಭವಾಗಿ ನಿಂತು, ಆ ತಂಡ 2001-02 ಮತ್ತು 2004-05ರಲ್ಲಿ ರಣಜಿ ಟ್ರೋಫಿಯನ್ನು ಗೆದ್ದ ಯುಗದ ಪ್ರಮುಖರಲ್ಲಿ ಒಬ್ಬರಾಗಿ, ತರುವಾಯ ಕರ್ನಾಟಕದ ಪರವಾಗಿ ಆಡಿ, ರಾಜ್ಯತಂಡದ ತರಬೇತುದಾರರೂ ಆದರು. ಭಾರತ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಆದರೂ ರಾಜಧಾನಿಯ ಕ್ಲಬ್ಬುಗಳ ಕಣ್ಣಿಗೆ ಸುಲಭವಾಗಿ ಬೀಳದ ಜಿಲ್ಲೆಯೊಂದರಲ್ಲಿ ಹುಟ್ಟಿದವನಿಗೆ ಬೇರೊಂದು ಸಂಸ್ಥೆಯ ಮೂಲಕವೂ ದಾರಿಯುಂಟೆಂಬುದಕ್ಕೆ ಅವರ ಹೆಸರು ಇಲ್ಲಿ ಪ್ರಮಾಣವಾಕ್ಯದಂತೆ ಬಳಕೆಯಾಗುತ್ತದೆ.

ಇಲ್ಲಿಯೇ ಎರಡು ದೇಶಗಳ ಅಭಿಮಾನಿಗಳಿಗಿರುವ ಮೂಲಭೂತವಾದ ಅಂತರ ಗೋಚರವಾಗುತ್ತದೆ. ಅಮೆರಿಕೆಯ ಅಭಿಮಾನಿಯ ಭಕ್ತಿ ಸಂಸ್ಥೆಯಲ್ಲಿ ನೆಟ್ಟಿದೆ. ಆತನು ಓದಿದ ಅಥವಾ ಆತನ ರಾಜ್ಯಕ್ಕೆ ಸೇರಿದ ವಿಶ್ವವಿದ್ಯಾಲಯ ಶಾಶ್ವತ, ಅದಕ್ಕೆ ಬರುವ ಹುಡುಗರು ಆಗಂತುಕರು. ನಿನ್ನೆಯವರೆಗೆ ದೇವರಂತಿದ್ದ ಹುಡುಗ ಪ್ರತಿಸ್ಪರ್ಧಿ ಕಾಲೇಜಿನ ಟೊಪ್ಪಿಗೆಯನ್ನು ತಲೆಗಿಟ್ಟೊಡನೆ ದ್ರೋಹಿಯಾಗುವನು. 2018ರಿಂದೀಚೆಗೆ ಆಟಗಾರರು ಕಾಲೇಜಿನಿಂದ ಕಾಲೇಜಿಗೆ ಸಲೀಸಾಗಿ ವರ್ಗವಾಗುವ ಏರ್ಪಾಡು ಬಂದ ಮೇಲೆ ಇಂಥ ಶಾಪಾನುಗ್ರಹಗಳ ವೇಗವೂ ಹೆಚ್ಚಿದೆ. ದೇವದುರ್ಗದ ಅಭಿಮಾನಿಗಾದರೋ ಹುಡುಗನು ಸೇರಿ ಕೀರ್ತಿ ತರಬೇಕಾದ ತನ್ನದೆಂಬ ಸಂಸ್ಥೆಯೇ ಇಲ್ಲ. ಮೂಡುಬಿದಿರೆಯಾಗಲಿ ವಿದ್ಯಾನಗರವಾಗಲಿ ರೈಲ್ವೆಯಾಗಲಿ ಆತನಿಗೆ ಒಂದೇ. ಹುಡುಗನು ಊರು ಬಿಟ್ಟು ಹೋದುದೇ ಗೆಲುವು. ಆತನ ಭಕ್ತಿ ವ್ಯಕ್ತಿಯಲ್ಲಿ, ಹುಡುಗನ ಹೆಸರಿಗೆ ಅಂಟಿಕೊಂಡ ಊರಿನಲ್ಲಿ ನೆಟ್ಟಿದೆ. ಈ ಅಭಿಮಾನ ಹೆಚ್ಚು ನಿಸ್ಪೃಹವಾದುದೆಂದು ಹೇಳಬಹುದು, ಆದರೆ ಅದರ ದುರ್ಬಲತೆಯೂ ಅಲ್ಲಿಯೇ ಇದೆ: ತನ್ನದೆಂಬ ಸಂಸ್ಥೆ ಇಲ್ಲದವನಿಗೆ ಸಂಸ್ಥೆಯನ್ನು ಕಟ್ಟಬೇಕೆಂಬ ಛಲವೂ ಹುಟ್ಟುವುದಿಲ್ಲ. ಇನಾಮಿನ ನೋಟು, ಬೀಳ್ಕೊಡುವ ಹಾರ, ಬಸ್ ನಿಲ್ದಾಣದಲ್ಲಿ ಒಂದು ಫೋಟೋ ಇಷ್ಟರಲ್ಲಿ ಅದರ ವ್ಯಯ ಮುಗಿದುಹೋಗುತ್ತದೆ. ಮುಂದಿನ ಹುಡುಗನಿಗೆ ಬೇಕಾದ ಮೈದಾನ ಮೊದಲಿದ್ದಂತೆಯೇ ಕಲ್ಲುಮುಳ್ಳುಗಳಿಂದ ಕೂಡಿರುತ್ತದೆ.

ಅಡಚಣೆಗಳು

ಜಿಲ್ಲೆಯ ಪಶ್ಚಿಮೋತ್ತರ ಭಾಗದ ದೇವದುರ್ಗದಿಂದ ಬೆಂಗಳೂರು ಮೊದಲಾದ ನಗರಗಳಿಗೆ ಕೂಲಿಗಾಗಿ ಗುಳೆ ಹೋಗುವ ಸಂಸಾರಗಳು ಅನೇಕ. ಕೇಂದ್ರ ಸರಕಾರವು 2018ರಲ್ಲಿ ಗುರುತಿಸಿದ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿಗಳು ಸೇರಿದ್ದುದಕ್ಕೂ ಈ ವಿದ್ಯಮಾನಕ್ಕೂ ಸಂಬಂಧವಿಲ್ಲದಿಲ್ಲ. ಆಗಸ್ಟಿನ ತಾಲ್ಲೂಕು ಕ್ರೀಡಾಕೂಟದಲ್ಲಿ ಎಲ್ಲರ ಕಣ್ಣು ಸೆಳೆದ ಹುಡುಗ ಸುಗ್ಗಿ ಮುಗಿಯುವ ಹೊತ್ತಿಗೆ ತಂದೆತಾಯಿಗಳ ಸಂಗಡ ಕಟ್ಟಡದ ಕೆಲಸದ ಬಯಲಿನಲ್ಲಿರುವುದುಂಟು. ಆಯ್ಕೆಯ ಪತ್ರ ಶಾಲೆಗೆ ಬಂದಾಗ ಹುಡುಗ ಶಾಲೆಯಲ್ಲಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಕಡೆ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಭತ್ತದ ಗದ್ದೆಯ ಕೆಲಸ ಹುಡುಗರನ್ನು ಊರಲ್ಲಿಯೇ ಹಿಡಿದಿಟ್ಟರೂ ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಅಭ್ಯಾಸಕ್ಕೆ ಬಿಡುವು ದೊರೆಯದು. ಕಾಲುವೆಯ ಕೊನೆಯ ಭಾಗದಲ್ಲಿ ನೀರು ತಲಪದ ವರ್ಷ ಅಲ್ಲಿಯವರೂ ಊರು ಬಿಡುವರು. ವಸತಿಯುಳ್ಳ ಶಾಲೆಗಳು, ಮುಖ್ಯವಾಗಿ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಕ್ರೀಡಾಶಾಲೆಗಳೆಂದು ಸ್ಥಾಪಿತವಾಗದಿದ್ದರೂ, ವರ್ಷವಿಡೀ ಹುಡುಗರನ್ನು ಒಂದೆಡೆ ಇಟ್ಟು ಹೊಟ್ಟೆತುಂಬ ಉಣಿಸುವ ಕಾರಣದಿಂದಲೇ ಆಟಕ್ಕೆ ಅನುಕೂಲವಾಗಿ ಪರಿಣಮಿಸಿವೆ.

ವಯಸ್ಸಿನ ವಿಚಾರದಲ್ಲಿ ಸುಳ್ಳು ಹೇಳುವುದು ಭಾರತದ ಕಿರಿಯರ ಕ್ರೀಡೆಗೆಲ್ಲ ಹತ್ತಿದ ಹಳೆಯ ವ್ಯಾಧಿ. ಕ್ರಿಕೆಟ್ ಮಂಡಲಿಯು ಎಳೆಯ ಆಟಗಾರರ ಮಣಿಕಟ್ಟಿನ ಎಲುಬಿನ ಕ್ಷಕಿರಣ ಚಿತ್ರ ತೆಗೆಸಿ ವಯಸ್ಸನ್ನು ಅಂದಾಜುಮಾಡುವ ಪದ್ಧತಿಯನ್ನು ಅನುಸರಿಸುತ್ತಿದೆ. ಊರ ಕಬಡ್ಡಿಯಲ್ಲಿ ಮೀಸೆಯೇ ಸಾಕ್ಷಿ. ಶಾಲೆಗೆ ಸೇರಿಸುವ ದಿನ ಮಾಸ್ತರನು ಊಹಿಸಿ ಬರೆದ ಜನ್ಮದಿನಾಂಕವೇ ಅಧಿಕೃತವಾಗಿರುವ ಕಡೆ ಯಾವುದು ವಂಚನೆ, ಯಾವುದು ಅಜ್ಞಾನವೆಂದು ವಿಂಗಡಿಸುವುದು ಕಷ್ಟ.

2014ರ ಜುಲೈ 26ರಂದು ಎಂಟು ತಂಡಗಳೊಡನೆ ಆರಂಭವಾದ ಪ್ರೊ ಕಬಡ್ಡಿ ಲೀಗ್ ಈ ಸೀಮೆಯ ಅಭಿಮಾನಿಗೆ ಮೊದಲ ಸಲ ದೂರದ ಒಂದು ಗುರಿಯನ್ನು ದೂರದರ್ಶನದ ಪರದೆಯ ಮೇಲೆ ಕಾಣಿಸಿತು. ಹರಾಜಿನಲ್ಲಿ ಆಟಗಾರರಿಗೆ ಕಟ್ಟುವ ಬೆಲೆ, ಹೊಸ ಎಳೆಯ ಆಟಗಾರರಿಗೆಂದೇ ಮೀಸಲಾದ ವರ್ಗ, ಪ್ರತಿಭಾಶೋಧನೆಯ ಶಿಬಿರಗಳು ಇವುಗಳಿಂದ ಚರ್ಚೆಯ ಪರಿಭಾಷೆಯೇ ಬದಲಾಗಿ, ಹಳ್ಳಿಯ ಹುಡುಗರೂ ಕಾರ್ನರ್, ಕವರ್, ಬೋನಸ್, ಸೂಪರ್ ಟ್ಯಾಕಲ್‌ಗಳ ಮಾತಾಡತೊಡಗಿದರು. ಬೆಂಗಳೂರು ಬುಲ್ಸ್ ತಂಡವು 2019ರ ಜನವರಿಯಲ್ಲಿ ಆರನೆಯ ಆವೃತ್ತಿಯನ್ನು ಗೆದ್ದಾಗ ಹುಟ್ಟಿದ ಉತ್ಸಾಹವೂ ಅಲ್ಪವಲ್ಲ. ಆದರೆ ಲೀಗಿನಲ್ಲಿ ಹೆಸರು ಮಾಡಿದ ಕನ್ನಡಿಗರಲ್ಲಿ ಸುಕೇಶ್ ಹೆಗ್ಡೆ, ಪ್ರಶಾಂತ್ ರೈ ಮೊದಲಾದವರು ಕರಾವಳಿಯವರೇ ಆಗಿರುವುದನ್ನು ನೋಡಿದರೆ, ಆಶ್ರಯ ಕೊಡುವ ಕಾಲೇಜುಗಳು ಇರುವಲ್ಲಿಯೇ ಆಟಗಾರರು ಮಾಗುತ್ತಾರೆಂಬುದು ವಿದಿತವಾಗುತ್ತದೆ. ಮಣ್ಣಿನ ಅಂಕಣದಲ್ಲಿ ಬೆಳೆದ ಹುಡುಗನಿಗೆ ಮ್ಯಾಟಿನ ಮೇಲೆ ಶೂ ತೊಟ್ಟು ಆಡುವುದೇ ಮತ್ತೊಂದು ವಿದ್ಯೆ. ಅದನ್ನು ಕಲಿಯಲು ಮ್ಯಾಟು ಬೇಕು, ಮ್ಯಾಟನ್ನು ಮಳೆಯಿಂದ ಕಾಪಾಡಲು ಸೂರು ಬೇಕು.

ಹುಡುಗಿಯರ ವಿಷಯದಲ್ಲಿ ಅಭಿಮಾನಿಗಳ ಅನುಸರಣ ಇನ್ನೂ ತೆಳುವಾದುದು. ಶಾಲಾ ಖೋಖೋ ಕಬಡ್ಡಿಗಳಲ್ಲಿ ಹುಡುಗಿಯರು ಸರಿಸಮನಾಗಿ ಆಡುತ್ತಿದ್ದರೂ ಹೊನಲು ಬೆಳಕಿನ ಊರ ಪಂದ್ಯಾವಳಿಗಳು ಬಹುತೇಕ ಹುಡುಗರವೇ ಆಗಿರುವುದರಿಂದ, ಅವರ ಆಟವನ್ನು ಜಿಲ್ಲಾ ಕ್ರೀಡಾಕೂಟದ ಹೊರಗೆ ಕಾಣುವವರು ಕಡಮೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರೆಂಬ ಸುದ್ದಿ ರಾಯಚೂರಿನ ಶಾಲೆಗಳಿಗೂ ಹಬ್ಬಿತು. ಹತ್ತನೆಯ ತರಗತಿಯ ಬಳಿಕ ಮಗಳನ್ನು ಮೂಡುಬಿದಿರೆಗೋ ಬೆಂಗಳೂರಿಗೋ ಕಳಿಸಬೇಕೆ, ಮದುವೆಯ ಮಾತು ತೆಗೆಯಬೇಕೆ ಎಂಬ ಪ್ರಶ್ನೆ ಎದ್ದಾಗ ಮನೆಗೆ ಬಂದು ಕೂತು, ವಸತಿನಿಲಯದಲ್ಲಿ ಹೆಣ್ಣುಮಕ್ಕಳಿಗೆ ಬೇರೆ ವಾರ್ಡನ್ ಇದ್ದಾರೆ, ಕರೆದುಕೊಂಡು ಹೋಗುವುದಕ್ಕೆ ತಾನೇ ಬರುವೆನು, ಖರ್ಚು ಏನೂ ಇಲ್ಲ ಎಂದು ತಂದೆಗೆ ವಿವರಿಸಿ ಹೇಳುವ ಕೆಲಸ ಇಂದಿಗೂ ಪಿ.ಟಿ. ಮಾಸ್ತರನ ಪಾಲಿಗೇ ಉಳಿದಿದೆ.